ಹೊಸದಲ್ಲದ ಟೈರುಗಳು

ನವೆಂಬರ್ 9, ಭಾನುವಾರ

ಬೆಳಿಗ್ಗೆ ಎದ್ದಾಗ ಕಾರಿನ ಗಾಜು ಹಿಮಗಟ್ಟಿ ಪೂರ್ತಿ ಬೆಳ್ಳಗಾಗಿತ್ತು. ಈ ಸಲದ ಚಳಿಗೆ ಇದು ಮೊದಲನೆಯದು. ಇವರಿದ್ದಾಗ ತಾವೇ ಗಾಜು ಕೆರೆದು, ಎಂಜಿನ್ ಬಿಸಿ ಮಾಡಿ, ನಾನು ಹೊರಗೆ ಬರುವವರೆಗೆ ಸುಮ್ಮನೆ ಒಳಗೆ ಕೂತಿರುತ್ತಿದ್ದರು. ಹಾರ್ನ್ ಒತ್ತುತ್ತಿರಲಿಲ್ಲ. ಇವರು ಹೋದದ್ದು ಆಗಸ್ಟಿನಲ್ಲಿ. ಅದಾದ ಮೇಲೂ ಚಳಿಗಾಲ ಬರುತ್ತದೆ ಎಂದು ನನಗೆ ಯಾಕೋ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನ ಪಕ್ಕದ ಸೊಲಿಹಲ್‌ನಿಂದ ರಾಮಚಂದ್ರ ಭಾವ, ರಜನಿ ಅಕ್ಕ ಹ್ಯಾಲಿಫ್ಯಾಕ್ಸಿನ ನಮ್ಮ ಮನೆಗೆ ಬಂದರು. ಭಾವ ಇವರ ಅಣ್ಣ, ಡಾಕ್ಟರು. ಊಟ ಆದ ಮೇಲೆ ಕಿಟಕಿಯ ಹತ್ತಿರ ನಿಂತು ನಮ್ಮ ಇಳಿಜಾರು ರಸ್ತೆಯನ್ನು ಎಕ್ಸ್‌ರೇ ನೋಡುವ ಹಾಗೆ ನೋಡಿದರು.

"ಜಲಜಾ, ಈ ಗುಡ್ಡದ ಮೇಲೆ ಒಬ್ಬಳೇ ಹೇಗಿರ್ತೀಯ? ಮನೆ ಮಾರಿಬಿಡು. ನಮ್ಮಲ್ಲಿ ಮೇಲಿನ ರೂಮು ಖಾಲಿ ಇದೆ."

"ಮಾಳವಿಕಾಗೂ ಫೆಬ್ರವರಿಗೆ ದಿನ ತುಂಬತ್ತೆ," ಎಂದರು ಅಕ್ಕ. ಮಾಳವಿಕಾ ಅವರ ಮಗಳು. "ಬಾಣಂತನಕ್ಕೆ ಮನೇಲಿ ಒಬ್ಬರು ದೊಡ್ಡೋರು ಇದ್ದ ಹಾಗಾಗತ್ತೆ."

"ನನಗೆ ಕೆಲಸ ಇದೆ ಅಕ್ಕ."

"ತಟ್ಟೆ ತೊಳೆಯೋ ಕೆಲಸ ಅಲ್ಲೂ ಇರತ್ತೆ ಕಣೇ."

ನಾನು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವುದಿಲ್ಲ. ಅಡುಗೆ ಮಾಡುತ್ತೇನೆ. ಅಷ್ಟರಲ್ಲಿ ಭಾವ ಲೀಡ್ಸ್‌ನಲ್ಲಿರುವ ಆಶ್ರಿತಾಳನ್ನು ಫೋನಿನಲ್ಲಿ ಹಿಡಿದರು. ನನ್ನ ಮಗಳು ದೊಡ್ಡಪ್ಪನ ಮಾತಿಗೆ ಎರಡು ಮಾತಾಡುವವಳಲ್ಲ. "ಅಮ್ಮಾ, ಬಿ ಪ್ರಾಕ್ಟಿಕಲ್," ಎಂದಳು.

ಕೊನೆಗೆ ಭಾವ ಒಂದು ತೀರ್ಮಾನ ಮಾಡಿದರು. ಈ ಚಳಿಗಾಲ ನೋಡುವುದು. ಚಳಿಗೆ ತಕ್ಕ ಟೈರು ಹಾಕಿಸುವುದು. ಅಷ್ಟು ಮಾಡಿಯೂ ಗಾಡಿ ಒಂದೇ ಒಂದು ಸಲ ಜಾರಿದರೆ ಮನೆ ಮಾರಿ ಸೊಲಿಹಲ್‌ಗೆ ಹೋಗುವುದು. ಎಲ್ಲರೂ ನನ್ನ ಮುಖ ನೋಡಿದರು. ಸರಿ ಎಂದೆ.

ಇಪ್ಪತ್ತು ವರ್ಷ ನಾನು ಇವರ ಪಕ್ಕದ ಸೀಟಿನಲ್ಲೇ ಕೂತವಳು. ಲೈಸೆನ್ಸ್ ಇದೆ. ಅಂಗಡಿಗೆ, ಗುಡಿಗೆ ಹೋಗಿ ಬಂದಿದ್ದೇನೆ. ಈಗ ಕೆಲಸಕ್ಕೆ ಹೋಗುವಾಗಲೂ ಆಸ್ಪತ್ರೆಯ ಮುಂದಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ. ಇವರು ಎಕ್ಸ್‌ರೇ ತೆಗೆಯುತ್ತಿದ್ದದ್ದೂ ಅಲ್ಲೇ, ಕೊನೆಗೆ ಮಲಗಿದ್ದೂ ಅಲ್ಲೇ.

ನವೆಂಬರ್ 13, ಗುರುವಾರ

ಭಾವ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ್ದಾರೆ. "ತೀರಿಹೋದ ತಮ್ಮನ ಹೆಂಡತಿಗೆ, ಡ್ರೈವಿಂಗ್ ಅಷ್ಟಾಗಿ ಬಾರದವಳಿಗೆ, ಸಣ್ಣ ಕಾರಿಗೆ ಯಾವ ಟೈರು ಒಳ್ಳೆಯದು?" ಆ ಗುಂಪಿನಲ್ಲಿ ನಾನೂ ಇದ್ದೇನೆ ಎಂಬುದು ಮರೆತಿರಬೇಕು.

ಟೈರಿನ ವಿಚಾರದಲ್ಲಿ ಇಷ್ಟು ಜನ ಪಂಡಿತರಿದ್ದಾರೆಂದು ಗೊತ್ತಿರಲಿಲ್ಲ. ಒಬ್ಬರು ವಿಂಟರ್ ಟೈರೇ ಬೇಕು ಎಂದರು. ಇನ್ನೊಬ್ಬರು ಈ ದೇಶದಲ್ಲಿ ನಾಲ್ಕು ದಿನದ ಹಿಮಕ್ಕೆ ಅದೆಲ್ಲ ದಂಡ ಎಂದರು. ಮತ್ತೊಬ್ಬರು ಆಲ್ ಸೀಸನ್ ಹಾಕಿಸಿ ವರ್ಷಪೂರ್ತಿ ಮರೆತುಬಿಡಿ ಎಂದರು. ಬರ್ಮಿಂಗ್‌ಹ್ಯಾಮಿನ ಒಬ್ಬರು, ಹೆಂಗಸರು ಹಿಮದಲ್ಲಿ ಓಡಿಸದಿರುವುದೇ ಎಲ್ಲಕ್ಕಿಂತ ಒಳ್ಳೆಯ ಟೈರು ಎಂದು ಬರೆದರು. ಅದಕ್ಕೆ ಒಂಬತ್ತು ಜನ ನಕ್ಕಿದ್ದರು. ಭಾವನೂ ನಕ್ಕಿದ್ದರು.

ಆಶ್ರಿತಾ ಏನೋ ಓದಲು ಕಳಿಸಿದಳು. ನಿಧಾನವಾಗಿ ಓದಿದೆ. ಸಾಮಾನ್ಯ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗುತ್ತದಂತೆ, ಅದಕ್ಕೇ ಹಿಮ ಬೀಳದಿದ್ದರೂ ಜಾರುತ್ತದೆ. ಚಳಿಯ ಟೈರಿನ ರಬ್ಬರು ಮೆತ್ತಗೇ ಇರುತ್ತದೆ. ಅದರ ಮೇಲೆ ಬೆಟ್ಟದ ಗುರುತು, ಬೆಟ್ಟದೊಳಗೆ ಹಿಮದ ಹೂವು ಇರಬೇಕು.

ಇವರು ಹೇಳುತ್ತಿದ್ದದ್ದು ಬೇರೆ. ಟೈರೆಲ್ಲ ಯಾಕೆ, ನಿಧಾನಕ್ಕೆ ಓಡಿಸಿದರೆ ಸಾಕು ಎನ್ನುತ್ತಿದ್ದರು. ಓಡಿಸುತ್ತಿದ್ದವರು ಅವರು.

ನವೆಂಬರ್ 19, ಬುಧವಾರ

ಕೆಲಸದಿಂದ ಬಂದು ಕೋಟು ಬಿಚ್ಚುತ್ತಿರುವಾಗಲೇ ರಜನಿ ಅಕ್ಕನ ಫೋನು.

"ಟೈರು ತಗೊಂಡುಬಿಟ್ಯಾ?"

"ಇಲ್ಲ ಅಕ್ಕ. ಶನಿವಾರ ಹೋಗೋಣ ಅಂತ."

"ಸದ್ಯ. ವರ್ಷದ ತಿಥಿ ಆಗೋವರೆಗೆ ಹೊಸ ಗಾಡಿ ಬರಕೂಡದು ಕಣೇ. ಸಾವಾದ ಮನೆಗೆ ಹೊಸದು ತಂದರೆ ಅದು ಇನ್ನೊಬ್ಬರನ್ನ ಕೇಳತ್ತಂತೆ. ಮಾಳವಿಕಾ ಬೇರೆ ಬಸುರಿ."

"ಗಾಡಿ ಅಲ್ಲ ಅಕ್ಕ. ಟೈರು."

"ಗಾಡಿ ಇನ್ಯಾವುದರ ಮೇಲೆ ನಿಂತಿರತ್ತೆ?"

ಅಕ್ಕ ಲೆಸ್ಟರ್‌ನ ಪುರೋಹಿತರನ್ನು ಆಗಲೇ ಕೇಳಿದ್ದಾರೆ. ಟೈರಿನ ವಿಷಯ ಇದುವರೆಗೆ ಯಾರೂ ಕೇಳಿಲ್ಲ, ಹೊಸ ವಾಹನ ಕೂಡದು, ಬಳಸಿದ್ದಾದರೆ ದೋಷವಿಲ್ಲ ಎಂದರಂತೆ.

ಮಾತು ಮುಗಿಸುವಾಗ ಅಕ್ಕ, ಜನವರಿಯಲ್ಲಿ ಸೀಮಂತ, ನೀನು ಹಿಂದಿನ ದಿನವೇ ಬರಬೇಕು ಎಂದರು. "ಆರತಿ ಹೊತ್ತಲ್ಲಿ ಮಾತ್ರ ಅಡುಗೆಮನೇಲೇ ಇರು. ತಪ್ಪು ತಿಳ್ಕೋಬೇಡ. ಹೋಳಿಗೆ ನಿನ್ನ ಹಾಗೆ ಯಾರಿಗೂ ಬರಲ್ಲ."

ಹೋಳಿಗೆಗೆ ದೋಷವಿಲ್ಲ ಎಂದು ಯಾರನ್ನು ಕೇಳಿದರೋ.

ನವೆಂಬರ್ 29, ಶನಿವಾರ

ಭಾವ ತಮ್ಮ ದೊಡ್ಡ ಗಾಡಿಯ ಹಿಂದುಗಡೆ ಹಳೆಯ ಬೆಡ್‌ಶೀಟ್ ಹಾಸಿ ನಾಲ್ಕು ಟೈರು ತಂದರು. ಬರ್ಮಿಂಗ್‌ಹ್ಯಾಮಿನಲ್ಲಿ ಯಾರೋ ಬಳಸಿ ಬಿಟ್ಟದ್ದು.

"ನೋಡು, ವಿಂಟರ್ ಟೈರೇ. ಆದರೆ ಹೊಸದಲ್ಲ. ಶಾಸ್ತ್ರಕ್ಕೂ ಆಯ್ತು, ಸೇಫ್ಟಿಗೂ ಆಯ್ತು."

ಕಷ್ಟದ ರೋಗಿಯನ್ನು ಗುಣಪಡಿಸಿದವರ ಹಾಗಿತ್ತು ಮುಖ. ಕೆಳಗಿನ ಗ್ಯಾರೇಜಿಗೆ ಕರೆದುಕೊಂಡು ಹೋಗಿ ತಾವೇ ನಿಂತು ಹಾಕಿಸಿದರು. ಅಲ್ಲಿದ್ದವನು ರೇಡಿಯೋ ಕೇಳುತ್ತ ಕೆಲಸ ಮಾಡಿದ, ಏನೂ ಕೇಳಲಿಲ್ಲ. ಬೆಟ್ಟದ ಗುರುತು ಇತ್ತು. ಹಿಮದ ಹೂವು ಅರ್ಧ ಅಳಿಸಿತ್ತು.

ಭಾವನಿಗೆ ಥ್ಯಾಂಕ್ಸ್ ಹೇಳಿದೆ. ಅವರು ಒಳ್ಳೆಯದನ್ನೇ ಬಯಸುತ್ತಾರೆ. ಅದೇ ಕಷ್ಟ.

ಡಿಸೆಂಬರ್ 4, ಗುರುವಾರ

ಶಾಲೆಯ ಅಡುಗೆಮನೆಯಲ್ಲಿ ದಿನವೂ ಬೆಳಿಗ್ಗೆ ನಾನು ಮೊದಲು ಮಾಡುವುದು ತಂಪುಕೋಣೆಯ ತಾರೀಖು ನೋಡುವುದು. ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ, ದಿನ ದಾಟಿದ್ದು ಕಸಕ್ಕೆ. ಅದು ಕಣ್ಣಿಗೇ ಅಭ್ಯಾಸವಾಗಿಬಿಟ್ಟಿದೆ. ಇವತ್ತು ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಲು ಬಗ್ಗಿದಾಗ ಟೈರಿನ ಪಕ್ಕದಲ್ಲಿ ಒಂದು ಸಣ್ಣ ಮೊಟ್ಟೆಯಾಕಾರ, ಅದರೊಳಗೆ ನಾಲ್ಕು ಅಂಕಿ ಕಂಡಿತು. ಅದೇನು ಎಂದು ಆಶ್ರಿತಾ ಕಳಿಸಿದ್ದರಲ್ಲಿ ಓದಿದ್ದೆ. ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ನಾಲ್ಕೂ ಚಕ್ರ ನೋಡಿದೆ. ಎಲ್ಲವೂ ಎರಡು ಸಾವಿರದ ಹದಿನಾಲ್ಕನೇ ಇಸವಿಯವು, ಹನ್ನೊಂದು ವರ್ಷ ಹಳೆಯವು. ಬೆರಳಿನಿಂದ ಒತ್ತಿದರೆ ಕಲ್ಲು.

ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುವ ಡಾನ್ ಎಂಬವಳಿಗೆ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದವಳು ತಲೆಯೆತ್ತದೆ, "ಹಾಗಾದರೆ ನನ್ನ ಎರಡನೇ ಗಂಡನಿಗಿಂತ ಹಳೇವು, ಲವ್. ಅವನೂ ಚಳಿಗೆ ಹಿಡಿತ ಕಳ್ಕೊಂಡ," ಎಂದಳು. ನಕ್ಕೆ. ನಕ್ಕದ್ದು ಆಮೇಲೆ ಗೊತ್ತಾಯಿತು.

ಸಂಜೆ ಭಾವನಿಗೆ ಫೋನ್ ಮಾಡಿದೆ.

"ಭಾವ, ಆ ಟೈರು ತುಂಬ ಹಳೇವು."

"ಯಾರು ಹೇಳಿದ್ದು?"

"ಟೈರಿನ ಮೇಲೇ ಬರೆದಿದೆ."

"ಜಲಜಾ, ಟೈರು ಮೊಸರಲ್ಲ, ಡೇಟ್ ಆದರೆ ಹುಳಿಯಾಗೋದಕ್ಕೆ. ಗೀರು ಎಷ್ಟು ಆಳ ಇದೆ ಅಂತ ನೋಡಬೇಕು. ನಾನು ನೋಡೇ ತಂದಿದ್ದು."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಅಷ್ಟು ದೂರ ಹೊತ್ಕೊಂಡು ಹೋಗಿ ಕೊಟ್ಟರೆ, ಈಗ ಹುಳುಕು ಹುಡುಕ್ತಾಳಾ?"

ಸರಿ ಭಾವ ಎಂದೆ.

ಡಿಸೆಂಬರ್ 10, ಬುಧವಾರ

ಜಾರಿತು.

ಬ್ರೇಕ್ ಒತ್ತಿದರೂ ಗಾಡಿ ಇಳಿಯುತ್ತಲೇ ಇತ್ತು. ಜೋರಾಗಿ ಅಲ್ಲ. ಯಾರೋ ಕೈ ಹಿಡಿದು ಕರೆದುಕೊಂಡು ಹೋಗುವಷ್ಟು ನಿಧಾನ. ಸ್ಟೇರಿಂಗ್ ತಿರುಗಿಸಿದೆ, ಅದು ಬೇರೆ ಯಾರದೋ ಕಾರಿನದ್ದು ಎನ್ನುವ ಹಾಗೆ ಸುಮ್ಮನೆ ತಿರುಗಿತು. ತಿರುವಿನಲ್ಲಿ ಕೌನ್ಸಿಲ್‌ನವರು ರಸ್ತೆಯ ಹಿಮ ಕರಗಿಸಲು ಉಪ್ಪು ತುಂಬಿಡುವ ಹಳದಿ ಡಬ್ಬಕ್ಕೆ ತಗುಲಿ ನಿಂತಿತು. ಬಂಪರಿನ ಮೂಲೆ ಒಡೆದಿದೆ. ಡಬ್ಬಕ್ಕೆ ಏನೂ ಆಗಿಲ್ಲ.

ನಿಂತ ಮೇಲೂ ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಮೊದಲು ನೋಡಿದ್ದು ಯಾರಾದರೂ ಕಂಡರೇ ಎಂದು. ಯಾರೂ ಇರಲಿಲ್ಲ.

ಡಿಸೆಂಬರ್ 13, ಶನಿವಾರ

ಆಶ್ರಿತಾ ಬಂದಿದ್ದಳು. ಬಂಪರು ನೋಡಿ ಏನಾಯಿತು ಎಂದಳು. ಸೂಪರ್‌ಮಾರ್ಕೆಟಿನಲ್ಲಿ ಯಾರೋ ಟ್ರಾಲಿ ಬಿಟ್ಟರು ಎಂದೆ. ಅಷ್ಟು ಸಲೀಸಾಗಿ ಬಂತು ಮಾತು. ಟ್ರಾಲಿ ತಳ್ಳುತ್ತಿದ್ದವಳ ಟೋಪಿಯ ಬಣ್ಣವನ್ನೂ ಹೇಳಿದೆ.

"ಪೂರ್ ಅಮ್ಮಾ," ಎಂದು ತಬ್ಬಿಕೊಂಡಳು.

ನಡೆದೇ ಕೆಲಸಕ್ಕೆ ಹೋಗುತ್ತಿದ್ದೇನೆ. ಮೇಲಿನ ರಸ್ತೆಯಲ್ಲಿ ಗಾಳಿ ಮುಖ ಸುಲಿಯುತ್ತದೆ. ಹೀಗೆ ಮಾರ್ಚ್‌ವರೆಗೆ ಆಗುವುದಿಲ್ಲ. ಒಮ್ಮೆ ತಡವಾಗಿ ಹೋದದ್ದಕ್ಕೆ ಮ್ಯಾನೇಜರ್ ಗಡಿಯಾರ ನೋಡಿದಳು. ಕೆಲಸ ಹೋದರೆ ಮನೆ ಹೋದ ಹಾಗೆ. ಸೊಲಿಹಲ್‌ನ ಮೇಲಿನ ರೂಮಿನ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಆ ರೂಮಿನಲ್ಲಿ ಮಲಗಿದವರಿಗೆ ಕೆಳಗಿನಿಂದ ಕರೆದದ್ದು ಚೆನ್ನಾಗಿ ಕೇಳಿಸುತ್ತದೆ.

ಡಿಸೆಂಬರ್ 18, ಗುರುವಾರ

ಹೊಸ ಟೈರು ಹಾಕಿಸಿದೆ. ನಾಲ್ಕೂ.

ಗ್ಯಾರೇಜಿನವನು ಎರಡು ಸಾಕಲ್ಲವಾ ಎಂದ, ಮುಂದಕ್ಕೆ ಹಾಕಿದರೆ ಏರಿಗೆ ಹತ್ತುತ್ತದೆ ಎಂದ. ಹತ್ತುವುದು ಸರಿ, ಇಳಿಯುವಾಗ ಹಿಂದಿನದು ಜಾರಿ ಗಾಡಿ ತಿರುಗಿದರೆ? ಅದನ್ನೂ ಓದಿದ್ದೆ. ಪೂರ್ತಿ ಚಳಿಯದ್ದೇ ಹಾಕಿಸಿದರೆ ಬೇಸಿಗೆಗೆ ಮತ್ತೆ ಬಿಚ್ಚಬೇಕು, ಬಿಚ್ಚಿಟ್ಟದ್ದನ್ನು ಬಂದವರೆಲ್ಲ ನೋಡುತ್ತಾರೆ. ಆದ್ದರಿಂದ ಆಲ್ ಸೀಸನ್. ಬೆಟ್ಟದ ಗುರುತು, ಅದರೊಳಗೆ ಹೂವು, ಎರಡೂ ಇವೆ. ತಾರೀಖು ತೋರಿಸು ಎಂದೆ. ಅವನು ಹುಬ್ಬೇರಿಸಿ ಒಂದೊಂದನ್ನೇ ತಿರುಗಿಸಿ ತೋರಿಸಿದ. ಈ ವರ್ಷದವೇ. ಹಳೆಯವನ್ನು ಅಲ್ಲೇ ಬಿಟ್ಟು ಬಂದೆ.

ಮನೆಯವರೆಗೆ ಹತ್ತಿ, ಮತ್ತೆ ಕೆಳಗಿಳಿಯುತ್ತ ಅದೇ ಇಳಿಜಾರಿನ ನಡುವೆ ಬೇಕೆಂದೇ ಬ್ರೇಕ್ ಒತ್ತಿದೆ. ನಿಂತಿತು. ಮತ್ತೆ ಮೇಲೆ ಹೋಗಿ ಇಳಿಯುತ್ತ ಇನ್ನೊಮ್ಮೆ ಒತ್ತಿದೆ. ನಿಂತಿತು.

ಡಿಸೆಂಬರ್ 21, ಭಾನುವಾರ

ಹೊಸ ಟೈರಿಗೆ ಮೈತುಂಬ ಸಣ್ಣ ಕೂದಲಿನ ಹಾಗೆ ರಬ್ಬರಿನ ಎಳೆಗಳಿರುತ್ತವೆ ಎಂದು ಈಗ ಗೊತ್ತಾಯಿತು. ಬುಧವಾರ ಭಾವ, ಅಕ್ಕ ಊಟಕ್ಕೆ ಬರುತ್ತಾರೆ. ಅಕ್ಕನ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ.

ಅಡುಗೆಮನೆಯ ಕತ್ತರಿ ತೆಗೆದುಕೊಂಡು ಸಣ್ಣ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಕತ್ತರಿಸಿದೆ. ಮುಂದೆ ಹಿಂದೆ ಉರುಳಿಸಿ ಅಡಿಯಲ್ಲಿದ್ದವನ್ನೂ ಬಿಡಲಿಲ್ಲ. ಬೆರಳು ಸೆಟೆದುಹೋದವು. ಕತ್ತರಿಸಿದ ಮೇಲೆ ಅಂಗೈಯಾಡಿಸಿದರೆ ಚುಚ್ಚುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಕೆಂಪು ಸೀರೆಯ ಸೆರಗು ಜಾರಿಸಿದಾಗ ಬೋಳಿಸಿದ ಅವಳ ತಲೆ ಸವರಿದ್ದೆ. ಹೀಗೇ ಇತ್ತು. ಆಮೇಲೆ ಹಿತ್ತಿಲ ಕೆಸರು ನೀರಿನಲ್ಲಿ ಕಲಸಿ ನಾಲ್ಕಕ್ಕೂ ಬಳಿದೆ.

ಪಕ್ಕದ ಮನೆಯ ಮುದುಕ ನಾಯಿ ಹಿಡಿದುಕೊಂಡು ಹೋಗುತ್ತಿದ್ದವನು ನಿಂತು ನೋಡಿ, "ಎಲ್ಲರೂ ತೊಳೀತಾರೆ, ನೀನು ಹಚ್ತಾ ಇದ್ದೀಯಲ್ಲ," ಎಂದ. ನಮ್ಮ ಸಂಪ್ರದಾಯ ಎಂದೆ. ಓ, ಚೆನ್ನಾಗಿದೆ ಎಂದ.

ಡಿಸೆಂಬರ್ 24, ಬುಧವಾರ

ಬಂದರು, ಉಂಡರು, ಹೋದರು. ಅಕ್ಕ ಕಾರು ದಾಟಿ ಬರುವಾಗ ಸೀರೆ ಎತ್ತಿ ಹಿಡಿದು, "ಎಷ್ಟು ಕೊಳಕು ಮಾಡ್ಕೊಂಡಿದ್ದೀಯೇ ಗಾಡೀನ," ಎಂದರು.

ಜನವರಿ 10, ಶನಿವಾರ

ನಾಳೆ ಸೀಮಂತ. ಎರಡು ದಿನದಿಂದ ಮಳೆ, ಅದರ ಮೇಲೆ ಚಳಿ. ರಸ್ತೆಯೆಲ್ಲ ಗಾಜು. ನೀನು ಓಡಿಸಬೇಡ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಬರುವಾಗ ಮನೆಯ ಕಾಗದಪತ್ರ ಎತ್ತಿಕೋ, ಏಜೆಂಟ್ ಹತ್ತಿರ ಮಾತಾಡಿದ್ದೇನೆ ಎಂದು ಭಾವ ನಿನ್ನೆಯೇ ಫೋನ್ ಮಾಡಿದ್ದರು. ಗಾಡಿ ಜಾರಿದರೆ ತಾನೇ ಎಂದೆ. "ಜಾರೋವರೆಗೆ ಕಾಯಬೇಕಾ?" ಎಂದರು.

ಬೆಳಿಗ್ಗೆ ಹೊರಗೆ ದಡಕ್ಕನೆ ಸದ್ದಾಯಿತು. ಭಾವನ ದೊಡ್ಡ ಗಾಡಿ ನಮ್ಮ ಏರನ್ನು ಅರ್ಧ ಹತ್ತಿ, ಹಿಂದಕ್ಕೆ ಜಾರಿ, ಪಕ್ಕದ ಮನೆಯ ಕಲ್ಲುಗೋಡೆಗೆ ಅಡ್ಡಲಾಗಿ ಒರಗಿತ್ತು. ಭಾವ ಚರ್ಮದ ಶೂ ಹಾಕಿಕೊಂಡು ಗೋಡೆ ಹಿಡಿದು ನಿಂತಿದ್ದರು. ಪೆಟ್ಟೇನೂ ಆಗಿರಲಿಲ್ಲ. ಮುಖ ಮಾತ್ರ ಬಿಳಿಚಿತ್ತು. ಎಳೆದೊಯ್ಯುವ ಗಾಡಿಯವರು ಸೋಮವಾರಕ್ಕಿಂತ ಮೊದಲು ಬರುವುದಿಲ್ಲ ಎಂದರು.

"ಬನ್ನಿ ಭಾವ, ಹ್ಯಾಲಿಫ್ಯಾಕ್ಸ್ ಸ್ಟೇಷನ್ನಿಗೆ ಬಿಡ್ತೀನಿ. ಅಲ್ಲಿಂದ ಇಬ್ಬರೂ ರೈಲಿಗೆ ಹೋಗೋಣ," ಎಂದೆ. ಎರಡನೇ ಗೇರಿನಲ್ಲಿ ಇಳಿಸಿದೆ. ತಿರುವಿನಲ್ಲಿ ಭಾವ ಮೇಲಿನ ಹಿಡಿ ಹಿಡಿದುಕೊಂಡರು. ಗಾಡಿ ಅಲುಗಲಿಲ್ಲ. ಆಸ್ಪತ್ರೆಯ ಮುಂದಿನ ರಸ್ತೆಗೆ ಉಪ್ಪು ಹಾಕಿದ್ದರು, ಆ ಕಡೆಯೇ ಹೋದೆ.

ದೊಡ್ಡ ರಸ್ತೆಗೆ ಬಂದ ಮೇಲೆ ಭಾವನಿಗೆ ಮಾತು ಬಂತು.

"ನೋಡಿದ್ಯಾ? ನಾನು ತಂದ ಟೈರು. ಹಳೇವು ಅಂದ್ಯಲ್ಲ ಅವತ್ತು."

ಗೇರು ಬದಲಿಸಿದೆ.

"ಇಷ್ಟು ಚೆನ್ನಾಗಿ ಓಡಿಸ್ತೀಯ ಅಂದರೆ ಮನೆ ಮಾರೋದು ಸದ್ಯಕ್ಕೆ ಬೇಡ ಬಿಡು. ಹೀಗೆ ಮಾಡು. ಪ್ರತಿ ಶುಕ್ರವಾರ ಕೆಲಸ ಮುಗಿಸಿ ನೇರ ನಮ್ಮಲ್ಲಿಗೆ ಬಂದುಬಿಡು. ಭಾನುವಾರ ವಾಪಸ್ಸು. ಬಾಣಂತನ ಮುಗಿಯೋವರೆಗೆ. ಆಮೇಲೂ ರಜನಿಗೆ ಒಂದು ಸಹಾಯ."

ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಆಯ್ತು ಭಾವ ಎಂದರೆ ಸಾಕು, ಮನೆ ನನ್ನದು. ಎಡಕ್ಕೆ ಸೂಚನೆ ಕೊಟ್ಟು ಬಸ್ ಸ್ಟಾಪಿನ ಹತ್ತಿರ ನಿಲ್ಲಿಸಿದೆ.

"ಇವು ನೀವು ತಂದ ಟೈರಲ್ಲ ಭಾವ. ಅವು ಜಾರಿದವು, ಹೋಗಿ ಡಬ್ಬಕ್ಕೆ ಗುದ್ದಿದೆ. ಇವು ಹೊಸದು. ಡಿಸೆಂಬರಿನಲ್ಲಿ ತಗೊಂಡೆ."

ಭಾವ ನನ್ನ ಕಡೆ ತಿರುಗಿದರು. ಜಾರಿದ್ದರ ಬಗ್ಗೆ ಕೇಳುತ್ತಾರೆ ಎಂದುಕೊಂಡೆ. ಅದಲ್ಲ.

"ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ, ನಿನಗೆ ಗೊತ್ತು. ಆದರೆ ರಜನಿಗೆ ಹೇಳಬೇಡ."

"ಯಾಕೆ?"

"ಹೇಳಿದರೆ ನಿನ್ನನ್ನ ಮನೆಯೊಳಗೆ ಬಿಡಲ್ಲ ಅವಳು. ನಾಳೆ ಅರವತ್ತು ಜನ. ಅಡುಗೆ ಯಾರು ಮಾಡ್ತಾರೆ?"

ಫೋನ್ ತೆಗೆದು ಅಕ್ಕನಿಗೆ ಹಚ್ಚಿದೆ. ಕಾರಿನ ಸ್ಪೀಕರಿನಲ್ಲೇ ಬಂತು ದನಿ. ಹೊಸ ಟೈರು ಹಾಕಿಸಿದ್ದೇನೆ ಅಕ್ಕ, ನಾಲ್ಕೂ ಹೊಸದು, ಎಂದೆ. ಅಲ್ಲಿ ಮಿಕ್ಸಿ ನಿಂತಿತು.

"ಯಾವಾಗ?"

"ಹೋದ ತಿಂಗಳು. ನೀವು ಊಟಕ್ಕೆ ಬರೋ ಮೊದಲು."

"ಇವರೆಲ್ಲಿ ಈಗ?"

"ಪಕ್ಕದಲ್ಲೇ ಕೂತಿದ್ದಾರೆ."

"ಆ ಗಾಡೀಲಾ? ಇಳಿಸು," ಎಂದರು ಅಕ್ಕ. "ಮೊದಲು ಅವರನ್ನ ಇಳಿಸು. ನೀನು ಬರೋದು ಬೇಡ. ಬಸುರಿ ಹುಡುಗಿ ಇರೋ ಮನೆ. ಬಾಣಂತನಕ್ಕೂ ಬೇಡ. ಮೋಹನ ಹೋದ ಮೇಲೂ ನಿನ್ನನ್ನ ನಮ್ಮೋಳು ಅಂದ್ಕೊಂಡಿದ್ದೆ."

ಶಾಸ್ತ್ರ ನಂಬದ ಡಾಕ್ಟರು ಸೀಟ್‌ಬೆಲ್ಟ್ ಬಿಚ್ಚಿದರು. ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು, "ಇದೆಲ್ಲ ಬೇಕಿತ್ತಾ ನಿನಗೆ?" ಎಂದರು. ಬಸ್ಸು ಬರುವವರೆಗೆ ನಾನು ಅಲ್ಲೇ ನಿಲ್ಲಿಸಿಕೊಂಡಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಬಸ್ಸು ಹತ್ತುವಾಗ ಕಾಲು ಜಾರಿತು, ಡ್ರೈವರು ಕೈ ಕೊಟ್ಟ.

ಜನವರಿ 12, ಸೋಮವಾರ

ಸೀಮಂತಕ್ಕೆ ಲೆಸ್ಟರ್‌ನಿಂದ ಊಟ ತರಿಸಿದರಂತೆ. ಹೋಳಿಗೆ ಒಣಗಿತ್ತು ಎಂದು ಆಶ್ರಿತಾ ಹೇಳಿದಳು. ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ಭಾವನ ಗಾಡಿಯನ್ನು ಮಧ್ಯಾಹ್ನ ಎಳೆದುಕೊಂಡು ಹೋದರು.

ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋದೆ.

ಫೆಬ್ರವರಿ 14, ಶನಿವಾರ

ಆಶ್ರಿತಾ ಬಂದಿದ್ದಳು. ಮಾಳವಿಕಾಗೆ ಹೆಣ್ಣು ಮಗು. ಹೇಳಿದ್ದ ದಿನಕ್ಕಿಂತ ಮೊದಲೇ ಹುಟ್ಟಿತಂತೆ, ತೂಕ ಕಡಿಮೆಯಂತೆ, ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಈಗ ಇಬ್ಬರೂ ಚೆನ್ನಾಗಿದ್ದಾರೆ. ನನಗೆ ಯಾರೂ ತಿಳಿಸಿರಲಿಲ್ಲ.

"ದೊಡ್ಡಮ್ಮ ಏನಂದ್ರು ಗೊತ್ತಾ? ಬಿಕಾಸ್ ಆಫ್ ದ ಟೈರ್ಸ್!" ಎಂದು ನಕ್ಕಳು. ನಾನು ನಗದಿದ್ದದ್ದು ನೋಡಿ ನಿಲ್ಲಿಸಿದಳು. ಫೋಟೋ ತೋರಿಸಿದಳು. ಕೆಂಪು ಕೆಂಪಾಗಿತ್ತು ಮಗು. ಹಣೆ ನಮ್ಮ ಅಪ್ಪನ ಹಾಗೇ ಇದೆ ಅಲ್ವಾ ಎಂದಳು. ಇರಬಹುದು ಎಂದೆ.

"ದೊಡ್ಡಮ್ಮಂಗೆ ಒಂದು ಸಲ ಸಾರಿ ಹೇಳಿಬಿಡು ಅಮ್ಮ."

"ಯಾತಕ್ಕೆ?"

"ಸುಮ್ನೆ. ಫಾರ್ ಪೀಸ್."

ಸಂಜೆ ಸ್ಟೇಷನ್ನಿಗೆ ಬಿಡಲು ಹೊರಟಾಗ ಮತ್ತೆ ಹೆಪ್ಪುಗಟ್ಟತೊಡಗಿತ್ತು. ಇಳಿಜಾರಿನಲ್ಲಿ ಅವಳು ಕಾಲು ಒತ್ತಿ ಹಿಡಿದು, ಸ್ಲೋ ಅಮ್ಮ, ಸ್ಲೋ ಅಮ್ಮ ಎನ್ನುತ್ತಿದ್ದಳು.

"ಸುಮ್ಮನೆ ಕೂತ್ಕೋ," ಎಂದೆ.

ಕೂತಳು. ಇಳಿಯುವಾಗ ಬಾಯ್ ಎಂದಳು, ತಬ್ಬಿಕೊಳ್ಳಲಿಲ್ಲ.

ವಾಪಸ್ಸು ಬಂದು ಉಳಿದ ಸಾರು ಬಿಸಿ ಮಾಡಿಕೊಂಡೆ. ಉಪ್ಪು ಜಾಸ್ತಿಯಾಗಿತ್ತು. ಮಧ್ಯಾಹ್ನ ಅವಳೂ ಅದನ್ನೇ ಉಂಡಿದ್ದಳು, ಏನೂ ಹೇಳಿರಲಿಲ್ಲ. ಅನ್ನಕ್ಕೆ ಹಾಕಿಕೊಂಡು ಉಂಡೆ.